ಚಿಕ್ಕಮ್ಮನ ಎಮ್ಮೆಗೊಂದು ವೆಬ್‌ಸೈಟು

ನಮ್ಮ ಚಿಕ್ಕಮ್ಮ ಒಂದು ಎಮ್ಮೆ ಸಾಕಿದ್ದಾಳೆ. ಅದು ಹಾಲು ಕೊಡುವುದಿಲ್ಲ, ಹಿಂಡಿ ಕೇಳುವುದಿಲ್ಲ, ಪಕ್ಕದವರ ಜೋಳಕ್ಕೆ ಬಾಯಿ ಹಾಕುವುದಿಲ್ಲ. ಆದರೆ ಇಡೀ ಪಾಂಡವಪುರ ತಾಲ್ಲೂಕಿನಲ್ಲಿ ಸ್ವಂತ ವೆಬ್‌ಸೈಟ್ ಇರುವ ಎಮ್ಮೆ ಅದೊಂದೇ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ!

ಚಿಕ್ಕಮ್ಮ ಎಂದರೆ ನಮ್ಮಮ್ಮನ ತಂಗಿ. ಮದುವೆಯ ಮಾತೆತ್ತಿದವರಿಗೆಲ್ಲ ಟೈಪಿಂಗ್ ಕಲಿಸಿ ಕಳಿಸಿದವಳು. ಪಾಂಡವಪುರದಲ್ಲಿ ಮೊದಲು ಟೈಪಿಂಗ್, ಆಮೇಲೆ ಕಂಪ್ಯೂಟರ್ ಹೇಳಿಕೊಡುತ್ತಿದ್ದಳು. ಕಲಿಯುವವರು ಕಡಿಮೆಯಾದಾಗ ಬೋರ್ಡು ಇಳಿಸಿ, ಮನೆಯಲ್ಲಿ ಒಬ್ಬಳೇ ಕೂತು ಫೋನಿನಲ್ಲಿ ಆಡುವ ಆಟ ತಯಾರಿಸತೊಡಗಿದಳು. ಅವಳ ವಾರಿಗೆಯವರೆಲ್ಲ ಮೊಮ್ಮಕ್ಕಳ ಕೈಯಿಂದ ಫೋನ್ ಕಿತ್ತುಕೊಳ್ಳುತ್ತಿದ್ದ ಕಾಲದಲ್ಲಿ ಇವಳು ಅದೇ ಮೊಮ್ಮಕ್ಕಳಿಗೆ ಆಟ ಮಾಡಿಕೊಡಲು ಹೊರಟಿದ್ದಳು. ನೆಂಟರು ಸುಮ್ಮನಿರುತ್ತಾರೆಯೇ?

ಆಟವಾದರೂ ಎಂಥದ್ದು! ಗುಂಡು ಹಾರಿಸುವುದಿಲ್ಲ, ಕಾರು ಓಡಿಸುವುದಿಲ್ಲ. ತೊಣ್ಣೂರು ಕೆರೆಯಲ್ಲಿ ಒಂದು ಎಮ್ಮೆ ಕುತ್ತಿಗೆವರೆಗೆ ಮುಳುಗಿ ನಿಂತಿರುತ್ತದೆ. ನಾವು ದಡದಲ್ಲಿರುತ್ತೇವೆ. ಗುಂಡಿ ಒತ್ತಿ ಕರೆಯಬೇಕು. ಎಮ್ಮೆ ಮನಸ್ಸಾದರೆ ಬರುತ್ತದೆ, ಇಲ್ಲದಿದ್ದರೆ ಕಿವಿ ಒದರಿ ಇನ್ನೂ ಒಳಗೆ ಹೋಗುತ್ತದೆ. ಒಮ್ಮೊಮ್ಮೆ ಕರೆಯದಿದ್ದರೂ ತಾನಾಗಿ ಎದ್ದು ಬರುತ್ತದೆ. ಇದರಲ್ಲಿ ಗೆಲ್ಲುವುದು ಹೇಗೆ ಎಂದು ಕೇಳಿದೆ.

"ಎಮ್ಮೆ ಕಟ್ಟಿದೋರು ಯಾರಾದ್ರೂ ಗೆದ್ದವ್ರೇನ್ಲಾ?" ಎಂದಳು.

ಈ ಎಮ್ಮೆಗಾಗಿ ಅವಳು ತಿಂಗಳುಗಟ್ಟಲೆ ತೊಣ್ಣೂರಿಗೆ ಹೋಗಿ ಕೆರೆ ದಡದಲ್ಲಿ ಕೊಡೆ ಹಿಡಿದು ಕೂತಿದ್ದಾಳೆ. ಎಮ್ಮೆ ಹೇಗೆ ತಿರುಗುತ್ತದೆ, ಹೇಗೆ ಉಸಿರು ಬಿಡುತ್ತದೆ, ನೀರಿನಿಂದ ಎದ್ದಾಗ ಬೆನ್ನ ಮೇಲೆ ಬಿಸಿಲು ಹೇಗೆ ಹೊಳೆಯುತ್ತದೆ, ಎಲ್ಲವನ್ನೂ ನೋಡಿದ್ದೇ ನೋಡಿದ್ದು. ಊರಿನವರು ಕೆರೆ ಒತ್ತುವರಿ ಅಳೆಯಲು ಬಂದ ಅಧಿಕಾರಿ ಇರಬೇಕೆಂದು ಮೊದಮೊದಲು ಎಳನೀರು ಕೊಟ್ಟರಂತೆ. ಕೊನೆಗೆ ಎಮ್ಮೆಯ ಯಜಮಾನನೊಬ್ಬ ಧೈರ್ಯ ಮಾಡಿ ಎಮ್ಮೆ ಕೊಳ್ಳುತ್ತೀರಾ ಎಂದು ಕೇಳಿದ. ಇಲ್ಲ, ಸುಮ್ಮನೆ ನೋಡುತ್ತೇನೆ ಎಂದಳಂತೆ ಇವಳು.

"ಎಣ್ಣು ನೋಡಕ್ಕೂ ಇಷ್ಟು ದಿಸ ಬರಾಕಿಲ್ಲ ಕಣಮ್ಮೋ," ಎಂದು ಅವನು ಎಮ್ಮೆಯನ್ನು ಹೊಡೆದುಕೊಂಡು ಹೋದ.

ಕರೆಯುವ ದನಿಯೂ ಚಿಕ್ಕಮ್ಮನದೇ. ವರ್ಷಗಟ್ಟಲೆ ಟೈಪಿಂಗ್ ಹುಡುಗರನ್ನು ಗದರಿಸಿದ ಗಂಟಲು. ನಾನು ಕೆಲಸ ಮಾಡುವ ಸಹಕಾರಿ ಸಂಘದ ಕಚೇರಿಯಲ್ಲಿ, ಗಿರಾಕಿಗಳಿಲ್ಲದ ಹೊತ್ತು ನೋಡಿ ಒಮ್ಮೆ ಆಟ ತೆರೆದೆ. ಫೋನಿನ ಸದ್ದು ಜೋರಾಗಿಟ್ಟಿದ್ದು ಗಮನಕ್ಕೆ ಬರಲಿಲ್ಲ. "ಲೇ, ಸಾಕು, ಬಾ ಈಚೆಗೆ!" ಎಂದು ಕೂಗಿತು ನೋಡಿ, ಒಳಗಿನ ಕೋಣೆಯಿಂದ ನಮ್ಮ ಮ್ಯಾನೇಜರು ಊಟದ ಡಬ್ಬಿ ಹಾಗೇ ಬಿಟ್ಟು ಹೊರಗೆ ಬಂದು ನಿಂತರು!

ಇನ್ನು ವೆಬ್‌ಸೈಟು. ಆಟವನ್ನು ಎಲ್ಲರೂ ಇಡುವ ಹಾಗೆ ಫೋನಿನ ಆ್ಯಪ್ ಅಂಗಡಿಯಲ್ಲಿ ಇಟ್ಟಮೇಲೆ ಸುಮ್ಮನಿರಬಹುದಿತ್ತು. ಇವಳು ಸ್ವಂತ ವೆಬ್‌ಸೈಟ್ ಕಟ್ಟಿ ಅಲ್ಲೂ ಆಡಲು ಇಟ್ಟಳು. ಮೊದಲ ಪುಟದಲ್ಲಿ ತನ್ನ ಮನೆಯ ವಿಳಾಸ, ಬಸ್ ನಿಲ್ದಾಣದಿಂದ ಬರುವ ದಾರಿ. ದಿನವೂ ಬೆಳಗ್ಗೆ ಅಲ್ಲಿ ಹೊಸದೊಂದು ಸಾಲು ಬರೆಯುತ್ತಾಳೆ. "ಇವತ್ತು ಕರೆಂಟ್ ಇಲ್ಲ, ಎಮ್ಮೆಗೆ ತೊಂದರೆ ಇಲ್ಲ" ಎಂದೋ, "ನಾಳೆ ಮದುವೆಗೆ ಕೆ.ಆರ್. ಪೇಟೆಗೆ ಹೋಗುತ್ತಿದ್ದೇನೆ, ಮನೆಗೆ ಬೀಗ, ವೆಬ್‌ಸೈಟ್ ತೆರೆದಿರುತ್ತದೆ" ಎಂದೋ. ಮನೆಯಲ್ಲಿ ಯಾರೂ ಇಲ್ಲವೆಂದು ಊರಿಗೆಲ್ಲ ಹೇಳಿದರೆ ಕಳ್ಳರು ಬರುವುದಿಲ್ಲವೇ ಎಂದು ನಾನು ಗಾಬರಿಯಾದರೆ, ಅಷ್ಟು ಓದುವ ವ್ಯವಧಾನ ಇರುವ ಕಳ್ಳ ಒಂದಾಟ ಆಡಿಕೊಂಡು ಹೋಗಲಿ ಎಂದಳು.

ಹೋದ ವರ್ಷ ಆ್ಯಪ್ ಅಂಗಡಿಯವರು, ನಿಮ್ಮ ಆಟ ಹೊಸ ಫೋನುಗಳಿಗೆ ತಕ್ಕ ಹಾಗಿಲ್ಲವೆಂದು ಅದನ್ನು ತೆಗೆದುಹಾಕಿದರು. ವೆಬ್‌ಸೈಟಿಗೆ ಬರುವವರೋ ಬೆರಳೆಣಿಕೆ; ಅವರಲ್ಲಿ ನಾನೂ ಒಬ್ಬ, ಚಿಕ್ಕಮ್ಮನೂ ಒಬ್ಬಳು. ನನಗೆ ಇದೇ ತಕ್ಕ ಸಮಯ ಅನ್ನಿಸಿತು. ಇನ್ನಾದರೂ ಅದನ್ನು ಮುಚ್ಚು, ರೀಲ್ಸ್ ಮಾಡು, ಜನ ಇರುವ ಕಡೆ ಹೋಗು ಎಂದು ಹೋದಾಗಲೆಲ್ಲ ಉಪದೇಶ ಶುರುಮಾಡಿದೆ.

"ಅಲ್ಲೆಲ್ಲ ಅವರು ಇಟ್ಕೊಂಡ್ರೆ ಇರ್ಬೇಕು, ಎದ್ದೇಳು ಅಂದ್ರೆ ಏಳ್ಬೇಕು. ಇದು ನಂದು ಕಣ್ಲಾ," ಎಂದು ಚಿಕ್ಕಮ್ಮ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ಬಾಯಿ ತುಂಬಿದವನು ವಾದ ಮಾಡುವುದು ಹೇಗೆ?

ಹೀಗಿರುವಾಗ ಒಂದು ದಿನ ನಾಗಮಂಗಲದಿಂದ ಸಲೀಂ ಎಂಬಾತ ಬಂದ. ಗೂಡ್ಸ್ ಆಟೋ ಓಡಿಸುವವನು. ವೆಬ್‌ಸೈಟಿನಲ್ಲಿದ್ದ ದಾರಿ ಹಿಡಿದು ಬಂದವನು ಚಿಕ್ಕಮ್ಮನ ಬೀದಿಯ ತುದಿಯಲ್ಲಿ ಎಮ್ಮೆ ಮೇಡಂ ಮನೆ ಯಾವುದೆಂದು ಕೇಳಿದ್ದಾನೆ. ಜನ ಅವನನ್ನು ನೇರವಾಗಿ ಹಾಲಿನ ವ್ಯಾಪಾರದವರ ಕೊಟ್ಟಿಗೆಗೆ ಕಳಿಸಿದ್ದಾರೆ. ಅಲ್ಲಿ ಎಮ್ಮೆಯ ಹಲ್ಲು ನೋಡಿ, ಕೆಚ್ಚಲು ನೋಡಿ, ಚೌಕಾಸಿಯೂ ಶುರುವಾಗುವ ಹೊತ್ತಿಗೆ ಅವನು ಫೋನ್ ತೆಗೆದು ಈ ಎಮ್ಮೆ ಬೇಕು ಎಂದು ತೋರಿಸಿದನಂತೆ!

ಅಂತೂ ಚಿಕ್ಕಮ್ಮನ ಮನೆ ಸೇರಿ, ಕಾಫಿ ಕುಡಿದು, ವಿಷಯ ಹೇಳಿದ; ಅವತ್ತು ನಾನೂ ಅಲ್ಲೇ ಇದ್ದೆ. ಅವನ ತಾಯಿ ಬದುಕಿಡೀ ಎಮ್ಮೆ ಕಟ್ಟಿ, ನಾಗಮಂಗಲದ ಮನೆಮನೆಗೆ ಹಾಲು ಹಾಕಿದವರು. ಬಿದ್ದು ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದಾಗ ಮನೆಯವರು ಎಮ್ಮೆ ಮಾರಿದರು. ಅವತ್ತಿನಿಂದ ಸರಿಯಾಗಿ ಊಟವಿಲ್ಲ, ಮಾತಿಲ್ಲ. ಯಾರೋ ಫೋನಿನಲ್ಲಿ ಈ ಆಟ ಹಾಕಿಕೊಟ್ಟ ಮೇಲೆ ಮುಖದಲ್ಲಿ ಕಳೆ ಬಂದಿತ್ತು. ಆ ಫೋನ್ ಕೆಟ್ಟುಹೋಯಿತು. ಹೊಸ ಫೋನಿನಲ್ಲಿ ಹುಡುಕಿದರೆ ಅಂಗಡಿಯಲ್ಲಿ ಆಟವೇ ಇಲ್ಲ. ಹುಡುಕಿ ಹುಡುಕಿ ವೆಬ್‌ಸೈಟ್ ಸಿಕ್ಕಿ, ಅಲ್ಲಿ ತೆರೆದು ತೋರಿಸಿದರೆ, ತಾಯಿ ಮುಖ ತಿರುಗಿಸಿಬಿಟ್ಟರಂತೆ.

"ಇದು ನಮ್ದಲ್ಲ ಅಂತಾವ್ರೆ ಅಮ್ಮಿ," ಎಂದ ಸಲೀಂ. "ನಮ್ ರಾಣೀದು ಎಡಗಡೆ ಕೊಂಬು ಜೋತ್ಕಂಡಿತ್ತು. ಮದ್ಲು ಇದ್ದುದ್ರಲ್ಲೂ ಅಂಗೇ ಇತ್ತು ಮೇಡಮ್ಮೋರೆ. ಈಗ ನೆಟ್ಟಗಾಗ್ಬುಟ್ಟದೆ."

ಚಿಕ್ಕಮ್ಮ ನನ್ನ ಮುಖ ನೋಡಿದಳು. ಆ ಜೋತ ಕೊಂಬು ಅವಳು ಚಿತ್ರ ಬಿಡಿಸಲು ಕಲಿಯುತ್ತಿದ್ದಾಗ ಆದ ತಪ್ಪು. ಆಮೇಲೆ ಕೈ ಕುದುರಿದಾಗ ತಿದ್ದಿದ್ದಳು. ಅದನ್ನೇನೂ ಹೇಳದೆ, ಬರುವ ಭಾನುವಾರ ತಾನೇ ನಾಗಮಂಗಲಕ್ಕೆ ಬರುವುದಾಗಿ ಮಾತು ಕೊಟ್ಟಳು. ಹಳೆಯ ಎಮ್ಮೆ ಅವಳ ಕಂಪ್ಯೂಟರಿನಲ್ಲಿ ಎಲ್ಲೋ ಮಲಗಿತ್ತು. ಅದನ್ನು ಎಬ್ಬಿಸಿ, ವೆಬ್‌ಸೈಟಿನಲ್ಲಿ ಅದಕ್ಕೆಂದೇ ಬೇರೆ ಪುಟ ಮಾಡಿ, ಮೇಲೆ "ರಾಣಿ" ಎಂದು ಬರೆದಳು. ಯಾವ ದೊಡ್ಡ ಅಂಗಡಿಯಲ್ಲಿ ಒಬ್ಬರಿಗೋಸ್ಕರ ಹಳೆಯ ಎಮ್ಮೆ ಇಡುತ್ತಾರೆ, ನೀವೇ ಹೇಳಿ.

ಭಾನುವಾರ ನಾನೂ ಜೊತೆಗೆ ಹೋದೆ. ಬಸ್ಸಿನಲ್ಲಿ, ಜಕ್ಕನಹಳ್ಳಿ ದಾಟುವವರೆಗೂ, ಒಬ್ಬರಿಗಾಗಿ ಇಷ್ಟೆಲ್ಲ ಬೇಕೇ ಎಂದು ಕೇಳುತ್ತಲೇ ಇದ್ದೆ. ಅವಳು ಕಿಟಕಿಯಾಚೆ ಮೇಯುತ್ತಿದ್ದ ಎಮ್ಮೆಗಳ ಕೊಂಬು ನೋಡುತ್ತ ಕೂತಿದ್ದಳು.

ಸಲೀಮನ ಮನೆಯಲ್ಲಿ ಕಿಟಕಿಯ ಪಕ್ಕದ ಮಂಚದ ಮೇಲೆ ಅವನ ತಾಯಿ ದಿಂಬಿಗೆ ಒರಗಿದ್ದರು. ಒಣಗಿದ ಪುಟ್ಟ ಜೀವ. ಚಿಕ್ಕಮ್ಮ ಫೋನಿನಲ್ಲಿ ರಾಣಿಯ ಪುಟ ತೆರೆದು ಅವರ ಕೈಗೆ ಕೊಟ್ಟಳು. ಕೆರೆಯ ನಡುವೆ ಜೋತ ಕೊಂಬಿನ ಎಮ್ಮೆ. ಅವರು ಅದನ್ನು ಬಹಳ ಹೊತ್ತು ನೋಡಿದರು. ಕರೆಯುವ ಗುಂಡಿ ಒತ್ತಲಿಲ್ಲ. ಫೋನನ್ನು ಮುಖದ ಹತ್ತಿರ ತಂದು ತಾವೇ ಕರೆದರು.

"ರಾಣೀ, ಆಜಾ."

ಆ ಆಟಕ್ಕೆ ಕಿವಿಯಿಲ್ಲ. ಅದು ಚಿಕ್ಕಮ್ಮನಿಗೂ ಗೊತ್ತು, ನನಗೂ ಗೊತ್ತು. ಸಲೀಂ ಗುಂಡಿ ಒತ್ತಲು ಕೈ ಚಾಚಿದ. ಚಿಕ್ಕಮ್ಮ ಮೆಲ್ಲನೆ ಅವನ ಕೈ ಹಿಡಿದಳು. ಅವರು ಮತ್ತೊಮ್ಮೆ ಕರೆದರು. ಎಮ್ಮೆ ಅಲ್ಲೇ ನಿಂತಿತ್ತು. ಆಮೇಲೆ, ಅದಕ್ಕೆ ಏನನ್ನಿಸಿತೋ, ಕಿವಿ ಒದರಿತು, ತಿರುಗಿತು, ನೀರು ಸೀಳಿಕೊಂಡು ನಿಧಾನಕ್ಕೆ ದಡ ಹತ್ತಿ ಬಂದು ನಿಂತಿತು.

"ಆಗಯೀ ಬೇಟೀ," ಎಂದು ಆ ತಾಯಿ, ಮನೆಗೆ ಬಂದ ಮಗಳ ಮೈ ಒರೆಸುವ ಹಾಗೆ, ಸೆರಗಿನ ತುದಿಯಿಂದ ಫೋನಿನ ಗಾಜನ್ನು, ಎಮ್ಮೆಯ ಬೆನ್ನಿನುದ್ದಕ್ಕೂ, ಒರೆಸಿದರು.

ಸ್ವಲ್ಪ ಹೊತ್ತಾದ ಮೇಲೆ ಚಿಕ್ಕಮ್ಮನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು. "ಇದುನ್ನೂ ಯಾರಾದ್ರೂ ಒಡ್ಕೊಂಡ್ ಓಗ್ಬುಡ್ತಾರಾ ಮಗಳೇ?"

"ಇಲ್ಲ ಅಮ್ಮಿ," ಎಂದಳು ಚಿಕ್ಕಮ್ಮ. "ನಾನಿರೋಗಂಟ ಇಲ್ಲೇ ಇರ್ತದೆ. ಯಾವಾಗ್ ಬೇಕಾದ್ರೂ ಕರೀರಿ."

ಅವರು ಚಿಕ್ಕಮ್ಮನ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದರು. ನಿದ್ದೆ ಹತ್ತಿದರೂ ಹಿಡಿತ ಸಡಿಲಲಿಲ್ಲ. ಪಾಂಡವಪುರದ ಬಸ್ಸಿಗೆ ಹೊತ್ತಾಗುತ್ತಿತ್ತು. ಹೆಗಲ ಚೀಲ ಇಳಿಸಿಟ್ಟು ನಾನೂ ಮಂಚದ ಪಕ್ಕ ನೆಲದ ಮೇಲೆ ಕೂತೆ.