ಗಲ್ಲಿಯಲ್ಲಿ ಉಳಿದ ಒಂದೇ ಫೋನು

ಯೊಂಗ್‌ಲಾಯ್ ತನ್ನ ಕಟಿಂಗ್ ಅಂಗಡಿಯ ಲ್ಯಾಂಡ್‌ಲೈನ್ ಫೋನನ್ನು ತೆಗೆಸದೆ ಉಳಿಸಿಕೊಂಡದ್ದಕ್ಕೆ ಕಾರಣ ಒಂದು ಕನ್ನಡಿ. ಮೂವತ್ತೊಂದು ವರ್ಷದ ಹಿಂದೆ ಅಂಗಡಿ ತೆರೆದಾಗ ಪಕ್ಷದ ಗೆಳೆಯರೆಲ್ಲ ಸೇರಿ ಆಳೆತ್ತರದ ಕನ್ನಡಿಯೊಂದನ್ನು ಉಡುಗೊರೆ ಕೊಟ್ಟಿದ್ದರು. ಅದರ ನೆತ್ತಿಯಲ್ಲಿ ಕೆಂಪಕ್ಷರದ ಹಾರೈಕೆ, ಬುಡದಲ್ಲಿ ಬಂಗಾರದ ಬಣ್ಣದಲ್ಲಿ ಅಂಗಡಿಯ ಫೋನ್ ನಂಬರು. ನಂಬರು ಹೋದರೆ ಕನ್ನಡಿ ಸುಳ್ಳು ಹೇಳಿದಂತಾಗುತ್ತದೆ ಅಂತ ಅವನ ಸಂಕೋಚ. ಮೊಬೈಲು ಬಂದ ಮೇಲೆ ಗಲ್ಲಿಯವರೆಲ್ಲ ಮನೆಯ ಫೋನುಗಳನ್ನು ಹರಿದ ಚಪ್ಪಲಿಯ ಹಾಗೆ ಹೊರಗೆ ಹಾಕಿದರು. ತೈವಾನಿನ ತೈನಾನ್ ಊರಿನ ಆ ಗಲ್ಲಿಯಲ್ಲಿ ಗೋಡೆಗೆ ತಂತಿಯಿರುವ ಫೋನು ಅಂತ ಉಳಿದದ್ದು ಇವನದೊಂದೇ.

ಇಷ್ಟು ವರ್ಷ ಅದರ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಈ ಸಲ ರಾಷ್ಟ್ರಾಧ್ಯಕ್ಷರ ಚುನಾವಣೆಗೆ ಪಕ್ಷದಿಂದ ಯಾರು ನಿಲ್ಲಬೇಕು ಅನ್ನುವುದಕ್ಕೆ ಇಬ್ಬರು ಜಗ್ಗಾಡತೊಡಗಿದರು. ಒಬ್ಬರು ಡಾಕ್ಟರು, ಇನ್ನೊಬ್ಬರು ವಕೀಲರು. ತೀರ್ಮಾನ ಆಗುವುದು ಫೋನಿನಲ್ಲಿ. ಪಕ್ಷದ ಕಡೆಯವರು ಯಾವುದೋ ನಂಬರುಗಳನ್ನು ಆರಿಸಿ, ಮನೆಗಳ ಲ್ಯಾಂಡ್‌ಲೈನಿಗೆ ಫೋನ್ ಮಾಡಿ, ನಿಮಗೆ ಯಾರು ಬೇಕು ಅಂತ ಕೇಳುತ್ತಾರೆ. ಮೊಬೈಲಿಗೆ ಬರುವುದಿಲ್ಲ. ಹಾಗಾಗಿ ಆ ವಾರ ಊರಿನ ಜನ ಊಟ, ಸ್ನಾನ ಎಲ್ಲ ಫೋನಿನ ಪಕ್ಕದಲ್ಲೇ ಮಾಡುತ್ತಿದ್ದರು. ಫೋನಿಲ್ಲದ ಗಲ್ಲಿಯವರು ಯೊಂಗ್‌ಲಾಯ್‌ನ ಫೋನಿನ ಮೇಲೆ ಕಣ್ಣಿಟ್ಟರು.

ಗಲ್ಲಿಯವರೆಲ್ಲ ಒಂದೇ ಪಕ್ಷ. ಜೈಲಿಗೆ ಹೋಗುವಾಗಲೂ ಒಟ್ಟಿಗೆ, ಗೆದ್ದು ಪಟಾಕಿ ಹೊಡೆಯುವಾಗಲೂ ಒಟ್ಟಿಗೆ ಇದ್ದವರು. ಎರಡು ತಿಂಗಳಿಂದ ಮಾತ್ರ ಗಲ್ಲಿಯ ಎಡಬದಿ ಡಾಕ್ಟರ ಕಡೆ, ಬಲಬದಿ ವಕೀಲರ ಕಡೆ. ವಿರೋಧ ಪಕ್ಷದವರ ಮೇಲೆ ಕೂಡ ಇಷ್ಟು ಸಿಟ್ಟು ಅವರಿಗೆ ಯಾವತ್ತೂ ಬಂದಿರಲಿಲ್ಲ. ಹೊರಗಿನವರ ಮೇಲಿನ ಸಿಟ್ಟು ಮನೆಗೆ ಬಂದ ಮೇಲೆ ಮರೆತುಹೋಗುತ್ತದೆ. ಈ ಸಿಟ್ಟು ಮನೆಯಲ್ಲೇ ಉಣ್ಣುತ್ತದೆ, ಮನೆಯಲ್ಲೇ ಮಲಗುತ್ತದೆ.

ಯೊಂಗ್‌ಲಾಯ್‌ಗೆ ಡಾಕ್ಟರೂ ಬೇಕಿರಲಿಲ್ಲ, ವಕೀಲರೂ ಬೇಕಿರಲಿಲ್ಲ. ಮುಂದಿನ ಭಾನುವಾರ ಮಗಳು ಯಾಲಿಂಗಳ ಮದುವೆ. ಗಲ್ಲಿಯಲ್ಲೇ ಪೆಂಡಾಲ್ ಹಾಕಿ ಇಪ್ಪತ್ತೆರಡು ಮೇಜಿನ ಊಟ. ರಸ್ತೆ ಮುಚ್ಚುವ ಕಾಗದಕ್ಕೆ ಮೊಹರು ಒತ್ತಬೇಕಾದವನು ವಾರ್ಡಿನ ಮುಖ್ಯಸ್ಥ ಚಿಂಗ್‌ಪೊ. ಅಡುಗೆ ಮಾಡಬೇಕಾದವಳು ಚಿಂಗ್‌ಪೊನ ಸ್ವಂತ ತಂಗಿ ಬಾವ್‌ಜೂ. ಬೀದಿಯ ಮದುವೆಯೂಟಕ್ಕೆ ಅವಳ ಕೈ ಬಿಟ್ಟರೆ ಊರಲ್ಲಿ ಇನ್ನೊಂದು ಕೈ ಇಲ್ಲ. ಅಣ್ಣ ಡಾಕ್ಟರ ಕಡೆ, ತಂಗಿ ವಕೀಲರ ಕಡೆ. ಎರಡು ತಿಂಗಳಿಂದ ಮಾತಿಲ್ಲ.

ಚಿಂಗ್‌ಪೊ ಗಡ್ಡ ಹೆರೆಸಿಕೊಳ್ಳಲು ಬಂದಾಗ, ಫೋನು ಬಂದರೆ ಡಾಕ್ಟರ ಹೆಸರನ್ನೇ ಹೇಳಬೇಕು, ಮೊಹರು ಆಮೇಲೆ ನೋಡೋಣ ಅಂದ. ಯೊಂಗ್‌ಲಾಯ್ ಹೂಂ ಅಂದ. ಮೆನು ಓದಿ ಹೇಳಲು ಬಂದ ಬಾವ್‌ಜೂ, ವಕೀಲರ ಹೆಸರು ಹೇಳದಿದ್ದರೆ ಸೀಗಡಿ ತಾನಾಗಿ ಬೇಯುವುದಿಲ್ಲ ಅಂದಳು. ಅದಕ್ಕೂ ಹೂಂ ಅಂದ. ಅದು ಕಸುಬಿನ ಅಭ್ಯಾಸ. ಗಿರಾಕಿಯ ಕುತ್ತಿಗೆಯ ಹತ್ತಿರ ರೇಜರ್ ಹಿಡಿದವನು ವಾದ ಮಾಡಬಾರದು ಅಂತ ಅವನಿಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು.

ಫೋನು ಕರೆಗಳ ಕೊನೆಯ ದಿನ ಮದುವೆಗೆ ಒಂದು ವಾರ ಮುಂಚಿನ ಭಾನುವಾರ, ಸಂಜೆ ಐದರವರೆಗೆ. ಬೆಳಿಗ್ಗೆ ಎದ್ದವನೇ ಯೊಂಗ್‌ಲಾಯ್ ಕನ್ನಡಿಯ ಹಿಂದೆ ಕೈ ತೂರಿಸಿ, ಫೋನಿನ ತಂತಿಯನ್ನು ಗೋಡೆಯಿಂದ ಕಿತ್ತ. ಕರೆಯೇ ಬರದಿದ್ದರೆ ಯಾರ ಹೆಸರೂ ಹೇಳಬೇಕಾಗಿಲ್ಲ. ಜೀವಮಾನದಲ್ಲಿ ಇಷ್ಟು ಜಾಣತನದ ಕೆಲಸ ಮಾಡಿದ್ದು ಇದೇ ಮೊದಲು ಅಂತ ಅವನಿಗೆ ತನ್ನ ಮೇಲೆಯೇ ಗೌರವ ಹುಟ್ಟಿತು.

ಎಂಟಕ್ಕೆ ಚಿಂಗ್‌ಪೊ ಬಂದು ಫೋನಿನ ಎಡಗಡೆ ಕೂತ. ಎಂಟೂಕಾಲಿಗೆ ಬಾವ್‌ಜೂ ಬಂದು ಬಲಗಡೆ ಕೂತಳು. ಅವರ ಹಿಂದೆ ಎರಡೂ ಬದಿಯ ನಾಲ್ಕು ನಾಲ್ಕು ಜನ ಬಂದು ನಿಂತರು. ಫೋನು ನಡುವೆ, ಕರು ಹಾಕಲು ಕೂತ ಹಸುವಿನ ಹಾಗೆ, ಎಲ್ಲರ ಕಣ್ಣಿನ ಕೆಳಗೆ ಸುಮ್ಮನೆ ಕೂತಿತ್ತು.

"ಯೊಂಗ್‌ಲಾಯ್, ಆ ಹೆಂಗಸಿಗೆ ಹೇಳು, ಫ್ಯಾನಿನ ಗಾಳಿ ಎಲ್ಲ ಒಬ್ಬರೇ ಕುಡೀಬಾರದು ಅಂತ," ಅಂದ ಚಿಂಗ್‌ಪೊ.

"ಯೊಂಗ್‌ಲಾಯಣ್ಣ, ಆ ಗಂಡಸಿಗೆ ಹೇಳು, ತಲೆ ಅಷ್ಟು ಬಿಸಿಯಾಗಿದ್ರೆ ಅವರ ಡಾಕ್ಟರಿಗೆ ತೋರಿಸಲಿ ಅಂತ," ಅಂದಳು ಬಾವ್‌ಜೂ.

ಯೊಂಗ್‌ಲಾಯ್ ಇಬ್ಬರಿಗೂ ಹೂಂ ಅಂದ.

ಔಷಧಿ ಅಂಗಡಿಯ ಮುದುಕ ಕಟಿಂಗಿಗೆ ಬಂದ. ಕಿವಿಯ ಹತ್ತಿರ ಸ್ವಲ್ಪ ತೆಗೆದರೆ ಸಾಕು ಅಂದಿದ್ದ. ಹೊರಗೆ ಸೈಕಲ್ ಗಂಟೆ ಬಾರಿಸಿದಾಗ ಹತ್ತು ಜನ ಫೋನಿನ ಮೇಲೆ ಬಿದ್ದರು, ಯೊಂಗ್‌ಲಾಯ್‌ನ ಮೊಣಕೈಗೆ ಏಟು ಬಿದ್ದು ಮುದುಕನ ಕೂದಲಿನಲ್ಲಿ ಎಡಗಡೆ ಒಂದು ದಾರಿ ಆಯಿತು. ಅದಕ್ಕೆ ಸರಿಯಾಗಲಿ ಅಂತ ಬಲಗಡೆಯೂ ತೆಗೆದ. ಎಡಬದಿಯವರಿಗೆ ಎಡ ಚೆನ್ನಾಗಿ ಕಂಡಿತು, ಬಲಬದಿಯವರಿಗೆ ಬಲ. ಇಬ್ಬರ ಸಲಹೆ ಕೇಳಿ ಕೇಳಿ ಸರಿಮಾಡುವಷ್ಟರಲ್ಲಿ ಮುದುಕನ ತಲೆ ಸುಲಿದ ಮೊಟ್ಟೆಯಾಗಿತ್ತು. ಅವನು ಕನ್ನಡಿಯಲ್ಲಿ ನೋಡಿಕೊಂಡು, ತಾನು ಬದುಕಿರುವವರೆಗೆ ಈ ಪಕ್ಷಕ್ಕೆ ಮತ ಹಾಕುವುದಿಲ್ಲ ಅಂತ ಹೇಳಿ ಹೋದ.

ಮಧ್ಯಾಹ್ನವಾಯಿತು. ಯೊಂಗ್‌ಲಾಯ್‌ನ ಹೆಂಡತಿ ಸೂಮೆಯ್ ಹಿಂದಿನ ಅಡುಗೆಮನೆಯಿಂದ ಮೀನುಂಡೆಯ ಸಾರನ್ನೂ ಹಬೆಯಲ್ಲಿ ಬೇಯಿಸಿದ ಜಿಗುಟು ಅಕ್ಕಿಯ ಅನ್ನವನ್ನೂ ತಂದು ಎರಡೂ ಬದಿಗೆ ಸಮನಾಗಿ ಬಡಿಸಿದಳು. ಅವಳ ಅಡುಗೆಮನೆ ಉದ್ದನೆಯ ಮನೆಯ ತೀರಾ ಕೊನೆಗೆ. ಅಲ್ಲಿ ಪಾತ್ರೆ ಬಿದ್ದರೂ ಅಂಗಡಿಗೆ ಕೇಳುವುದಿಲ್ಲ. ಅವಳು ಬಡಿಸಿದಳು, ತಟ್ಟೆ ಎತ್ತಿಕೊಂಡು ಹೋದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಅನ್ನದ ತುತ್ತು ಬಾಯಿಗೆ ಹೋದ ಮೇಲೆ ಚಿಂಗ್‌ಪೊ ಬಹಳ ಹೊತ್ತು ಅಗಿಯುತ್ತ ಕೂತ. ಆಮೇಲೆ ಫೋನಿಗೆ ಹೇಳುವವನ ಹಾಗೆ, "ಅಪ್ಪನ ಪಾತ್ರೆಯಲ್ಲಿ ಇದೇ ವಾಸನೆ ಬರ್ತಿತ್ತು," ಅಂದ.

ಅವರಪ್ಪನೂ ಮದುವೆಯೂಟದ ಅಡುಗೆಯವನು. ಪಕ್ಷ ಅನ್ನುವ ಮಾತು ಆಡಿದರೂ ಪೊಲೀಸರು ಬರುತ್ತಿದ್ದ ಕಾಲ. ಅನ್ನದ ದೊಡ್ಡ ಪಾತ್ರೆಯ ತಳದಲ್ಲಿ ಕರಪತ್ರ, ಮೇಲೆ ಅನ್ನ. ಗಾಡಿಯಲ್ಲಿ ಇಬ್ಬರು ಮಕ್ಕಳು. ಸೇತುವೆಯ ಹತ್ತಿರ ಪೊಲೀಸರು ಮುಚ್ಚಳ ತೆಗೆದು ಸೌಟು ಹಾಕಿದಾಗ ಪುಟ್ಟ ಬಾವ್‌ಜೂ ಇಡೀ ಸೇತುವೆ ನಡುಗುವ ಹಾಗೆ ಅತ್ತಿದ್ದಳು. ಹೋಗಿ ಹೋಗಿ ಅಂತ ಅವರು ಗಾಡಿ ಬಿಟ್ಟಿದ್ದರು.

"ನಾನಾಗಿ ಅತ್ತಿದ್ದಲ್ಲ," ಬಾವ್‌ಜೂ ಕೂಡ ಫೋನಿಗೇ ಹೇಳಿದಳು. "ಯಾರೋ ತೊಡೆ ಚಿವುಟಿದ್ರು. ಇನ್ನೂ ಗುರುತಿದೆ."

"ಚಿವುಟದೇ ಇದ್ದಿದ್ರೆ ಅಪ್ಪ ಒಳಗೆ ಹೋಗ್ತಿದ್ದ."

"ಅಷ್ಟು ಜೋರಾಗಿ ಚಿವುಟಬೇಕಿತ್ತಾ ಅಣ್ಣ?"

ಅಣ್ಣ ಅಂದದ್ದು ಅವಳಿಗೇ ಆಮೇಲೆ ಗೊತ್ತಾಯಿತು. ಚಿಂಗ್‌ಪೊ ತನ್ನ ಬಟ್ಟಲಿನ ಮೀನುಂಡೆಯನ್ನು ಎತ್ತಿ ತಂಗಿಯ ಬಟ್ಟಲಿಗೆ ಹಾಕಿದ. ಹಿಂದೆ ನಿಂತಿದ್ದವರೂ ಮೆಲ್ಲಗೆ ಆ ಬದಿ ಈ ಬದಿ ಅನ್ನದೆ ಸ್ಟೂಲು ಹಂಚಿಕೊಂಡು ಕೂತರು. ನಾಲ್ಕು ಗಂಟೆಯ ಹೊತ್ತಿಗೆ ರಸ್ತೆಯ ಕಾಗದಕ್ಕೆ ಮೊಹರು ಬಿತ್ತು. ಸೀಗಡಿ ದೊಡ್ಡದೇ ಇರಲಿ ಅಂತ ಬಾವ್‌ಜೂ ತಾನಾಗಿ ಹೇಳಿದಳು. ಸತ್ತ ಫೋನು ಇಷ್ಟು ಪುಣ್ಯದ ಕೆಲಸ ಮಾಡಿದ್ದು ನೋಡಿ ಯೊಂಗ್‌ಲಾಯ್‌ನ ಕಣ್ಣು ಒದ್ದೆಯಾಯಿತು.

ಐದಕ್ಕೆ ಕಾಲು ಗಂಟೆ ಇರುವಾಗ ಗಂಡಿನ ತಂದೆ ಕುವೊ ಬಂದರು. ಕೈಯಲ್ಲಿ ಅತಿಥಿಗಳ ಪಟ್ಟಿ.

"ಇನ್ನೂ ಮೂರು ಮೇಜು ಬೇಕಾಗುತ್ತೆ ಬೀಗರೇ. ಬೆಳಿಗ್ಗೆ ಹತ್ತಕ್ಕೇ ನಿಮ್ಮ ಕನ್ನಡಿಯ ನಂಬರಿಗೆ ಫೋನ್ ಮಾಡಿದ್ದೆ. ಬೀಗತಿಯವರು ಸಂಜೆ ಬನ್ನಿ ಅಂದ್ರು."

ಹತ್ತು ತಲೆಗಳು ಫೋನಿನ ಕಡೆ ತಿರುಗಿದವು. ಬೆಳಗಿನಿಂದ ಅದು ಕೆಮ್ಮಿರಲೂ ಇಲ್ಲ. ಚಿಂಗ್‌ಪೊ ಎದ್ದು, ತಂತಿಯನ್ನು ಬೆರಳಿನಲ್ಲಿ ಹಿಡಿದು ಹಿಂಬಾಲಿಸುತ್ತ ಕನ್ನಡಿಯ ಹಿಂದಕ್ಕೆ ಹೋದ. ಕಿತ್ತ ತುದಿಯನ್ನು ಸತ್ತ ಇಲಿಯ ಬಾಲದ ಹಾಗೆ ಎತ್ತಿ ಹಿಡಿದು ಹೊರಗೆ ಬಂದ.

ಯೊಂಗ್‌ಲಾಯ್‌ಗೆ ಹೂಂ ಅನ್ನಲೂ ಆಗಲಿಲ್ಲ. ಆಗ ಅವನಿಗೆ ನೆನಪಾಯಿತು. ಅಮ್ಮ ಹಾಸಿಗೆ ಹಿಡಿದಾಗ ಅಡುಗೆಮನೆಯ ಪಕ್ಕ ಇನ್ನೊಂದು ಫೋನು ಹಾಕಿಸಿದ್ದ, ಅದೇ ನಂಬರಿನದು. ಅಮ್ಮನ ಜೊತೆ ಅದೂ ಹೋಯಿತು ಅಂದುಕೊಂಡಿದ್ದ.

ಸೂಮೆಯ್ ಕೈ ಒರೆಸುತ್ತ ಬಂದಳು. ಹೌದು, ಆ ಫೋನು ಚೆನ್ನಾಗಿದೆ, ಬೀಗರದ್ದು ಹತ್ತಕ್ಕೆ ಬಂತು ಅಂದಳು. ಕೈ ಒರೆಸಿ ಮುಗಿಸಿ, "ಪಕ್ಷದ್ದು ಹನ್ನೊಂದಕ್ಕೆ ಬಂತು," ಅಂದಳು.

"ಏನು ಕೇಳಿದ್ರು?" ಬಾವ್‌ಜೂಳ ದನಿ ಇಳಿದಿತ್ತು.

"ಈ ಮನೆಗೆ ಬಂದು ಮೂವತ್ತೈದು ವರ್ಷ. ಪಕ್ಷದ ಸಭೆಗಳಿಗೆಲ್ಲ ನಾನೇ ಚಹಾ ಕೊಟ್ಟಿದ್ದೀನಿ. ನಿನಗೆ ಯಾರು ಬೇಕು ಅಂತ ಒಬ್ಬರೂ ಕೇಳಿಲ್ಲ. ಇವತ್ತು ಯಾರೋ ಹುಡುಗಿ ನಯವಾಗಿ ಕೇಳಿದಳು. ಕೇಳಿದ್ದಕ್ಕೆ ಹೇಳಿದೆ." ಅಷ್ಟು ಹೇಳಿ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಬಾವ್‌ಜೂ ಆ ಬೆನ್ನನ್ನೇ ನೋಡಿದಳು. ತಾನು ಅಷ್ಟು ಸಲ ಆ ಅಡುಗೆಮನೆಯಲ್ಲಿ ಕೂತು ವಕೀಲರ ಗುಣಗಾನ ಮಾಡಿದ್ದೇನೆ, ಇನ್ಯಾರ ಹೆಸರು ಹೇಳಿಯಾಳು? ಚಿಂಗ್‌ಪೊ ಕೂಡ ನೋಡಿದ. ಅವಳ ಮಂಡಿನೋವಿಗೆ ಡಾಕ್ಟರ ಆಸ್ಪತ್ರೆಗೆ ಚೀಟಿ ಕೊಡಿಸಿದ್ದು ತಾನೇ, ಇನ್ಯಾರ ಹೆಸರು? ಇಬ್ಬರ ಮುಖದಲ್ಲೂ ನೆಮ್ಮದಿ ಮೂಡಿತು. ಆ ನೆಮ್ಮದಿಯಲ್ಲೇ ಇಬ್ಬರೂ ಯೊಂಗ್‌ಲಾಯ್ ಕಡೆ ತಿರುಗಿದರು.

"ನಮ್ಮಪ್ಪ ಜೈಲಿಗೆ ಹೆದರದೆ ಅನ್ನದ ಕೆಳಗೆ ಕಾಗದ ಇಟ್ಟ," ಅಂದ ಚಿಂಗ್‌ಪೊ.

"ನೀನು ನಮಗೆ ಹೆದರಿ ತಂತಿ ಕಿತ್ತೆ," ಅಂದಳು ಬಾವ್‌ಜೂ.

ಎರಡು ತಿಂಗಳ ನಂತರ ಅಣ್ಣತಂಗಿ ಸೇರಿ ಮುಗಿಸಿದ ಮೊದಲ ಮಾತು ಅದು.

ಬುಧವಾರ ಫಲಿತಾಂಶ ಬಂತು. ಡಾಕ್ಟರು ಕೂದಲೆಳೆಯಲ್ಲಿ ಗೆದ್ದರು. ಎಡಬದಿಯವರು ಅದು ಸೂಮೆಯ್ ಅಕ್ಕನ ಕೈಗುಣ ಅಂದರು. ಬಲಬದಿಯವರು ಅಂಥ ಸೂಮೆಯ್ ಇನ್ನೊಬ್ಬಳಿದ್ದಿದ್ದರೆ ವಕೀಲರು ಗೆಲ್ಲುತ್ತಿದ್ದರು ಅಂದರು.

ಮದುವೆ ಚೆನ್ನಾಗಿ ಆಯಿತು. ಪಟ್ಟೆ ಪೆಂಡಾಲಿನ ಕೆಳಗೆ ಇಪ್ಪತ್ತೈದು ಮೇಜು, ಗೆದ್ದವರದು ಎಡಕ್ಕೆ, ಸೋತವರದು ಬಲಕ್ಕೆ. ಸೀಗಡಿ ಮಾತ್ರ ಎರಡೂ ಕಡೆ ದೊಡ್ಡದೇ. ಸೂಮೆಯ್‌ಗೆ ಎರಡೂ ಕಡೆಯ ಮೊದಲ ಮೇಜಿನಲ್ಲಿ ಕೆಂಪು ಸ್ಟೂಲು ಕಾದಿತ್ತು. ಯೊಂಗ್‌ಲಾಯ್‌ಗೆ ಸ್ಟೂಲು ಎಲ್ಲಿ ಅಂತ ಕೇಳಿದರೆ, ಎಡದವರು ಬಲಕ್ಕೆ ಕೈ ತೋರಿಸಿದರು, ಬಲದವರು ಎಡಕ್ಕೆ. ಕೊನೆಗೆ ಬಾವ್‌ಜೂ ಅವನ ಕೈಗೆ ಸಾರಿನ ಪಾತ್ರೆ ಕೊಟ್ಟು, ನಿಂತಿದ್ದೀಯಲ್ಲ, ಬಡಿಸು ಅಂದಳು.

ಎಡಗಡೆಯ ಮೇಜಿನಲ್ಲಿ ಕೂತಿದ್ದ ಹೆಂಡತಿಯ ಬಟ್ಟಲಿಗೆ ಬಡಿಸುವಾಗ ಅವನು ಬಗ್ಗಿ, ಇಷ್ಟು ದಿನ ಕೇಳಲಾಗದ್ದನ್ನು ಕೇಳಿದ. "ನಿಜ ಹೇಳು ಮಾರಾಯ್ತಿ. ಯಾರ ಹೆಸರು ಹೇಳಿದೆ?"

ಸೂಮೆಯ್ ಸಾರಿನೊಳಗೆ ಚಮಚ ತಿರುಗಿಸಿದಳು.

"ಹುಡುಗಿ ಮೊದಲು ವಯಸ್ಸು ಕೇಳಿದಳು. ಐವತ್ತೆಂಟು ಅಂದೆ. ಆ ವಯಸ್ಸಿನವರು ನಮಗೆ ಬೇಕಿದ್ದಷ್ಟು ಜನ ಆಗಲೇ ಸಿಕ್ಕಿದ್ದಾರೆ ಅಮ್ಮಾ, ಬಹಳ ಉಪಕಾರ ಅಂತ ಹೆಸರು ಕೇಳದೆ ಫೋನ್ ಇಟ್ಟಳು."

"ಹಾಗಾದ್ರೆ ಇವರಿಗೆ ಹೇಳಬಾರದಾ?"

"ಇವರು ವಯಸ್ಸನ್ನೂ ಕೇಳಿರಲಿಲ್ಲ," ಅಂದಳು ಅವಳು. ಅಷ್ಟರಲ್ಲಿ ಬಲಬದಿಯ ಮೇಜಿನಿಂದ ಅವಳಿಗೆ ಕರೆ ಬಂತು. ಅವಳು ಎದ್ದಳು. ಖಾಲಿಯಾದ ಸ್ಟೂಲಿನ ಮೇಲೆ ಯೊಂಗ್‌ಲಾಯ್ ಇನ್ನೇನು ಕೂರಬೇಕು, ಚಿಂಗ್‌ಪೊ ಅದನ್ನು ಎತ್ತಿಕೊಂಡು, ಅಲ್ಲಿಯೂ ನಮ್ಮ ಸ್ಟೂಲಿನಲ್ಲೇ ಕೂರಲಿ ಅಂತ ಸೂಮೆಯ್ ಅಕ್ಕನ ಹಿಂದೆಯೇ ಹೊರಟ.