ಸೀದಿ ಮಫದ್ದಲ್ ಕೊಂಡ ಹವಾ

ಗಡಿಯಾರ ರಿಪೇರಿಯ ಸೀದಿ ಮಫದ್ದಲ್ ಆ ಗುರುವಾರ ಬೆಳಿಗ್ಗೆ ಮಾಡಿದ ತಪ್ಪು ಒಂದೇ. ಗಡ್ಡಕ್ಕೆ ಸಾಬೂನು ಹಚ್ಚಿಸಿಕೊಂಡು ಬಾಯಿ ಮುಚ್ಚಿ ಕೂತಿರಬೇಕಾದ ಹೊತ್ತಿನಲ್ಲಿ, ತಾನೊಂದು ಹವಾ ಕೊಳ್ಳುತ್ತಿದ್ದೇನೆ ಎಂದುಬಿಟ್ಟ.

ಟ್ಯಾಂಜಿಯರ್‌ನ ಹಳೇ ಪೇಟೆಯಲ್ಲಿ ಈ ಮಾತಿಗೆ ಯಾರೂ ನಗುವುದಿಲ್ಲ. ಅಲ್ಲಿ ಮನೆ ಒಬ್ಬರದಾದರೆ ಅದರ ಛಾವಣಿಯ ಮೇಲಿನ ಹವಾ ಇನ್ನೊಬ್ಬರದಾಗಬಹುದು. ಹವಾ ಕೊಂಡವನು ಅಲ್ಲೊಂದು ಕೋಣೆ ಎಬ್ಬಿಸಬಹುದು, ದುಡ್ಡಿಲ್ಲದಿದ್ದರೆ ಒಂದು ಕುರ್ಚಿ ಹಾಕಿಕೊಂಡು ಕೂರಬಹುದು. ಹಾಗಾಗಿ ಕ್ಷೌರಿಕ ಹಮ್ಮಾದಿ ನಗಲಿಲ್ಲ. ಕತ್ತಿಯನ್ನು ಗಂಟಲಿನ ಪಕ್ಕದಲ್ಲೇ ನಿಲ್ಲಿಸಿ, "ಯಾರನ್ನ ಕೇಳಿ ಈ ಕೆಲಸಕ್ಕೆ ಕೈ ಹಾಕಿದ್ರಿ, ಮಾಲೆಮ್?" ಎಂದ, ಕಸುಬುದಾರನಿಗೆ ಕೊಡುವ ಮರ್ಯಾದೆ ಬಿಡದೆ.

ಯಾರನ್ನೂ ಕೇಳಿರಲಿಲ್ಲ. ಅದೇ ದೊಡ್ಡ ಅಪರಾಧವಾಗಿ ಹೋಯಿತು. ಹಮ್ಮಾದಿ ಅರ್ಧ ಬೋಳಿಸಿದ ಗಡ್ಡವನ್ನು ಹಾಗೇ ಬಿಟ್ಟು, ಪಕ್ಕದ ಕಾಫಿ ಅಂಗಡಿಯಲ್ಲಿದ್ದ ಬೂಷ್ತಾನನ್ನು ಕೂಗಿ ಕರೆದ. ಬೂಷ್ತಾ ಮಫದ್ದಲ್‌ನ ಹೆಂಡತಿಯ ತಮ್ಮ. ಹೊಸ ಬಡಾವಣೆಯಲ್ಲಿ ಅರ್ಧ ಗ್ಯಾರೇಜು ಕೊಂಡವನು. ಅದು ಯಾವ ಅರ್ಧ ಎಂಬುದು ಒಂಬತ್ತು ವರ್ಷವಾದರೂ ತೀರ್ಮಾನವಾಗಿರಲಿಲ್ಲ. ಆದರೆ ಆ ಓಣಿಯಲ್ಲಿ ಆಸ್ತಿ ಎಂದು ಏನನ್ನಾದರೂ ಕೊಂಡಿದ್ದವನು ಅವನೊಬ್ಬನೇ ಆದ್ದರಿಂದ ಅವನನ್ನು ಎಲ್ಲರೂ ತಜ್ಞನೆಂದು ಒಪ್ಪಿದ್ದರು.

ಬೂಷ್ತಾ ಕಾಫಿ ಲೋಟದ ಸಮೇತ ಬಂದು ವಿಷಯ ಕೇಳಿಕೊಂಡ. ಮೇಲಿನ ಓಣಿಯ ವಿಧವೆ ಲಲ್ಲಾ ತಾಮ್ ತನ್ನ ಛಾವಣಿಯ ಹವಾ ಮಾರುತ್ತಿದ್ದಾಳೆ, ಮಧ್ಯಾಹ್ನ ಪತ್ರವಾಗಲಿದೆ, ಹೆಂಡತಿ ಶಾಮಾಗೆ ಇನ್ನೂ ಹೇಳಿಲ್ಲ.

"ಅಕ್ಕನಿಗೆ ಹೇಳದೇ ಇದ್ದದ್ದೊಂದು ಸರಿಯಾಗಿದೆ," ಎಂದ ಬೂಷ್ತಾ. ಹೆಂಗಸರು ಜಾಗ ನೋಡಿದ ಕೂಡಲೇ ಕಣ್ಣರಳಿಸುತ್ತಾರೆ, ಕಣ್ಣರಳಿಸಿದ ಕೂಡಲೇ ಬೆಲೆ ಏರುತ್ತದೆ. ಹೊಸದಾಗಿ ಕೊಳ್ಳುವವರು ಮೊದಲು ಕಲಿಯಬೇಕಾದದ್ದು ಇದನ್ನೇ, ಆಸೆ ತೋರಿಸಬಾರದು. ಜಾಗ ನೋಡಿದರೆ ಹಲ್ಲು ನೋವು ಬಂದವನ ಹಾಗೆ ಮುಖ ಮಾಡಬೇಕು. ಮೂರಾದರೂ ಕುಂದು ಹೇಳಬೇಕು. ಪತ್ರಕ್ಕೆ ಮುಂಚೆ ಜಾಗ ಖಾಲಿ ಮಾಡಿಸಿಕೊಳ್ಳಬೇಕು. ಹಮ್ಮಾದಿಯೂ ತನ್ನ ಪಾಲಿನದನ್ನು ಸೇರಿಸಿದ. ಕಾಗದದಲ್ಲಿ ಇಲ್ಲದ ಮಾತನ್ನು ನಂಬಬಾರದು, ಎಲ್ಲ ಷರತ್ತನ್ನೂ ಬರೆಸಬೇಕು, ಹೆಚ್ಚು ಬರೆಸಿದಷ್ಟೂ ಒಳ್ಳೆಯದು.

ಮಫದ್ದಲ್‌ಗೆ ಹೆದರಿಕೆಯಾಯಿತು. ಬೇರೆಲ್ಲ ಮಾಡಬಹುದು, ಆಸೆ ತೋರಿಸದೇ ಇರುವುದು ಹೇಗೆ? ಇಪ್ಪತ್ತಾರು ವರ್ಷದ ಆಸೆ ಅದು.

ಮದುವೆಗೆ ಮುಂಚೆ ಶಾಮಾ ಇದ್ದದ್ದು ಗುಡ್ಡದ ಮೇಲಿನ ಮನೆಯಲ್ಲಿ. ಸಂಜೆ ಛಾವಣಿಗೆ ಹೋದರೆ ಜಲಸಂಧಿ, ಹಡಗು, ಮೋಡವಿಲ್ಲದ ದಿನ ಆಚೆ ದಡದ ಬೆಟ್ಟ. ಅಲ್ಲಿಂದ ಅವಳನ್ನು ಇವನು ಕೆಳಗಿನ ಓಣಿಯ ನೆಲಮಾಳಿಗೆಯಂಥ ಎರಡು ಕೋಣೆಗೆ ಕರೆತಂದ. ಕಿಟಕಿ ತೆರೆದರೆ ಎದುರು ಮನೆಯ ಗೋಡೆ, ಗೋಡೆಯ ಮೇಲೊಂದು ತುಕ್ಕು ಹಿಡಿದ ಕೊಳವೆ. ಮೊದಲ ರಾತ್ರಿಯೇ, "ಎರಡೇ ವರ್ಷ, ಸಮುದ್ರ ಕಾಣುವ ಛಾವಣಿ ಕೊಡಿಸ್ತೀನಿ," ಎಂದಿದ್ದ. ಅವಳು ಆಮೇಲೆ ಒಮ್ಮೆಯೂ ಅದನ್ನು ಎತ್ತಲಿಲ್ಲ. ಎತ್ತಿ ಜಗಳವಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಸಂಜೆ ಅಂಗಡಿಯಿಂದ ಬಂದಾಗ ಅವಳು ನಗುತ್ತಾ ಚಹಾ ಬಗ್ಗಿಸುವುದನ್ನು ಕಂಡರೆ, ಈ ಕತ್ತಲೆ ಕೋಣೆಯಲ್ಲಿ ದಿನವಿಡೀ ಕೂತು ಇವಳಿಗೆ ನಗು ಎಲ್ಲಿಂದ ಬರುತ್ತದೆ ಎಂದುಕೊಂಡು ಆ ಚಹಾವನ್ನು ತಲೆ ತಗ್ಗಿಸಿಯೇ ಕುಡಿಯುತ್ತಿದ್ದ.

ಮುಖದ ಒಂದು ಕಡೆ ನುಣುಪು, ಇನ್ನೊಂದು ಕಡೆ ಗಡ್ಡ ಇಟ್ಟುಕೊಂಡೇ ಮಫದ್ದಲ್ ಬೂಷ್ತಾನ ಹಿಂದೆ ಹೊರಟ. ಹಳೇ ಪೇಟೆಯ ಓಣಿಗಳು ಹೊಟ್ಟೆನೋವು ಬಂದ ಹಾವಿನ ಹಾಗೆ ಸುತ್ತಿ ಸುತ್ತಿ ಹತ್ತುತ್ತವೆ. ಲಲ್ಲಾ ತಾಮ್‌ಳ ಬಾಗಿಲು ಸಿಗುವ ಹೊತ್ತಿಗೆ ಇಬ್ಬರಿಗೂ ಏದುಸಿರು ಬಂದಿತ್ತು. ಆ ಮನೆಯನ್ನು ಅವನು ಒಳಗಿನಿಂದ ನೋಡುತ್ತಿದ್ದದ್ದು ಅದೇ ಮೊದಲು. ಮಾತುಕತೆಯೆಲ್ಲ ಅಂಗಡಿಯಲ್ಲಿ ಆಗಿತ್ತು. ಮುದುಕಿ ತಲೆವಸ್ತ್ರ ಸರಿಮಾಡಿಕೊಂಡು, ಬೆಳಗಿನ ಹೊತ್ತಾದ್ದರಿಂದ ಪರವಾಗಿಲ್ಲ ಎನ್ನುತ್ತಾ, ತನ್ನ ಮಲಗುವ ಕೋಣೆಯ ಮೂಲೆಯ ಮೆಟ್ಟಿಲು ಹತ್ತಿಸಿ ಕರೆದೊಯ್ದಳು. ಮಧ್ಯಾಹ್ನ ಕಳೆದ ಮೇಲೆ ಊರಿನ ಛಾವಣಿಗಳೆಲ್ಲ ಹೆಂಗಸರದು, ಗಂಡಸು ತಲೆ ಎತ್ತಿ ನೋಡುವುದೂ ಮರ್ಯಾದೆಯಲ್ಲ.

ಮೇಲೆ ಬಂದವನೇ ಮಫದ್ದಲ್ ನಿಂತುಬಿಟ್ಟ. ಎದುರಿಗೆ ಇಡೀ ಸಮುದ್ರ. ದಿನವೆಲ್ಲ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಯಷ್ಟು ತಿರುಪು ನೋಡುವ ಅವನ ಕಣ್ಣಿಗೆ ಅಷ್ಟು ದೂರ ನೋಡುವುದು ಹೇಗೆಂದೇ ತಿಳಿಯದೆ ನೀರು ಬಂತು. ಬೂಷ್ತಾ ಮೊಣಕೈಯಿಂದ ತಿವಿದ. ಮಫದ್ದಲ್ ತಕ್ಷಣ ದವಡೆ ಹಿಡಿದುಕೊಂಡು ಮುಖ ಸಿಂಡರಿಸಿದ.

"ಗಾಳಿ ಜಾಸ್ತಿ," ಎಂದ.

"ಹವಾ ಕೊಳ್ಳೋಕೆ ಬಂದು ಗಾಳಿ ಜಾಸ್ತಿ ಅಂದ್ರೆ ಹೇಗೆ, ಮಗನೇ?" ಎಂದಳು ಲಲ್ಲಾ ತಾಮ್.

ಹಡಗಿನ ಸದ್ದು ಕೇಳುತ್ತದೆ, ಉಪ್ಪಿನ ತೇವಕ್ಕೆ ಮಂಡಿ ಹಿಡಿದುಕೊಳ್ಳುತ್ತದೆ, ಕಡಲಹಕ್ಕಿಗಳು ಗಲೀಜು ಮಾಡುತ್ತವೆ ಎಂದು ಅವನು ಮುಂದುವರಿಸಿದ. ಒಂದೊಂದು ಕುಂದು ಹೇಳುವಾಗಲೂ ಆ ನೀಲಿಯನ್ನು ನೋಡದಿರಲು ಪಾಡುಪಡುತ್ತಿದ್ದ. ತಾನೇ ಹೆಣ್ಣು ನೋಡಲು ಹೋಗಿ, ಮೆಚ್ಚಿ, ಎದುರಿಗೇ ಬೈದ ಹಾಗೆನಿಸಿತು. ಮುದುಕಿ ಬೇಸರಪಟ್ಟು ಬೆಲೆಯಲ್ಲಿ ಒಂದಿಷ್ಟು ಬಿಟ್ಟಳು. ಬೂಷ್ತಾ ವಿಜಯಿಯಂತೆ ಮೀಸೆ ತಿರುವಿದ.

ಅಷ್ಟಕ್ಕೇ ಇಳಿದು ಬಂದಿದ್ದರೆ ಆಗುತ್ತಿತ್ತು. ಆದರೆ ಹಿಂಬದಿಯ ಎತ್ತರದ ಗೋಡೆಯಲ್ಲಿ ಒಬ್ಬರು ದಾಟುವಷ್ಟು ಸಂದಿಯಿತ್ತು, ಅದರಾಚೆ ಮನೆಯಿಂದ ಮನೆಗೆ ಅಂಟಿಕೊಂಡ ಛಾವಣಿಗಳು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದಿದ್ದವು. ಸಂದಿಯ ಕಲ್ಲು ಕಾಲು ತಾಗಿ ತಾಗಿ ನುಣ್ಣಗಾಗಿತ್ತು. ಪಕ್ಕದಲ್ಲೊಂದು ಹಳೇ ಚಾಪೆ ಸುತ್ತಿಟ್ಟಿತ್ತು.

ಇದೇನೆಂದು ಬೂಷ್ತಾ ಪೊಲೀಸಿನವನ ಹಾಗೆ ಕೇಳಿದ. ಹೆಂಗಸರು ಬರುತ್ತಾರೆ, ಬಟ್ಟೆ ಹರವುತ್ತಾರೆ, ಒಂದು ಗಳಿಗೆ ಕೂತು ಹೋಗುತ್ತಾರೆ ಎಂದಳು ಮುದುಕಿ. ಯಾರ ಮನೆಯ ಹೆಂಗಸರು ಎಂದು ಕೇಳಿದ್ದಕ್ಕೆ ಮಾತ್ರ ಮುಖ ಬಿಗಿದುಕೊಂಡಳು. "ಛಾವಣಿ ಮೇಲಿನ ಹೆಂಗಸರ ಹೆಸರನ್ನ ಗಂಡಸರ ಮುಂದೆ ಹೇಳೋಳಲ್ಲ ನಾನು."

ಬೂಷ್ತಾ ಭಾವನನ್ನು ನೀರಿನ ತೊಟ್ಟಿಯ ಮರೆಗೆ ಎಳೆದ. "ಅಭ್ಯಾಸ ಅನ್ನೋದು ಹಕ್ಕಾಗುತ್ತೆ, ಭಾವ. ಇವತ್ತು ಒಂದು ಚಾಪೆ, ನಾಳೆ ಚಾಪೆ ಮೇಲೆ ನಾಲ್ಕು ಜನ, ನಾಳಿದ್ದು ಕೋರ್ಟು. ಮೊದಲು ಗೋಡೆ ಎಬ್ಬಿಸಿ, ಆಮೇಲೆ ಸಹಿ ಹಾಕಿ."

ಪಾಪ, ಯಾರೋ ಬಂದು ಕೂರುತ್ತಾರೆ ಎಂದು ಮಫದ್ದಲ್‌ಗೆ ಅನ್ನಿಸದೇ ಇರಲಿಲ್ಲ. ಆದರೆ ಶಾಮಾ ಇಲ್ಲಿ ಕೂರುವ ಚಿತ್ರ ಕಣ್ಣಿಗೆ ಕಟ್ಟಿತು. ಇಪ್ಪತ್ತಾರು ವರ್ಷ ಕಾದವಳು ಒಂಟಿಯಾಗಿ, ಯಾರ ಗದ್ದಲವೂ ಇಲ್ಲದೆ, ತನ್ನದೇ ಛಾವಣಿಯಲ್ಲಿ ಕೂರಬೇಡವೇ? ಹೂಂ ಎಂದ. ಪಕ್ಕದ ಬೀದಿಯಿಂದ ಗಾರೆಯವನು ಬಂದ. ಮುದುಕಿ ಬಿಟ್ಟುಕೊಟ್ಟಿದ್ದ ಹಣವೆಲ್ಲ ಸರಿಯಾಗಿ ಅವನ ಕೂಲಿಗೂ ಇಟ್ಟಿಗೆಗೂ ಆಯಿತು. ಮಧ್ಯಾಹ್ನದ ಬಾಂಗಿನ ಹೊತ್ತಿಗೆ ಸಂದಿಯಿದ್ದ ಕಡೆ ಆಳೆತ್ತರದ ಗೋಡೆ ನಿಂತಿತ್ತು, ಎಷ್ಟು ಗಟ್ಟಿ ಎಂದರೆ ಬೂಷ್ತಾ ಒದ್ದು ನೋಡಿ ಕುಂಟುತ್ತಾ ಇಳಿದ.

ಪತ್ರ ಬರೆದು ಸಾಕ್ಷಿ ನಿಲ್ಲುವ ಅದೂಲ್‌ಗಳು ಯಾವಾಗಲೂ ಇಬ್ಬರು. ಇಲ್ಲಿ ಒಬ್ಬ ಬರೆಯುತ್ತಿದ್ದ, ಇನ್ನೊಬ್ಬ ಕೆಮ್ಮುತ್ತಿದ್ದ. ಬರೆಯುವವನ ಹೆಸರು ಅಯ್ಯಾಶಿ. ಹಮ್ಮಾದಿ ಕೂಡ ಅಂಗಡಿ ಮುಚ್ಚಿ ಬಂದು, ಹೆಚ್ಚು ಬರೆಸಿ, ಹೆಚ್ಚು ಬರೆಸಿ ಎಂದು ಬೆನ್ನ ಹಿಂದೆ ನಿಂತಿದ್ದ. ಕೊಳ್ಳುವವನು ಗೋಡೆ ಕಟ್ಟಿಸಿದ್ದಾನೆ, ಆ ಕಡೆಯಿಂದ ಯಾರೊಬ್ಬರೂ ಯಾವ ಕಾಲಕ್ಕೂ ಯಾವ ಕಾರಣಕ್ಕೂ ದಾಟಿ ಬರುವಂತಿಲ್ಲ, ಗೋಡೆಯನ್ನು ಮಾರಿದವರು, ಕೊಂಡವರು ಇಬ್ಬರ ಒಪ್ಪಿಗೆಯೂ ಇಲ್ಲದೆ ಮುಟ್ಟುವಂತಿಲ್ಲ. ಅಯ್ಯಾಶಿ ಲೇಖನಿ ನಿಲ್ಲಿಸಿ ಕನ್ನಡಕದ ಮೇಲಿನಿಂದ ನೋಡಿದ.

"ಯಾರೊಬ್ಬರೂ ಅಂತಲೇ ಬರೀಲಾ?"

"ಯಾರೊಬ್ಬರೂ," ಎಂದರು ಬೂಷ್ತಾ, ಹಮ್ಮಾದಿ ಒಟ್ಟಿಗೆ.

ಮಫದ್ದಲ್ ಸಹಿ ಹಾಕಿದ. ಇಪ್ಪತ್ತಾರು ವರ್ಷದ ಉಳಿತಾಯ ಮುದುಕಿಯ ಚೀಲಕ್ಕೆ ಹೋಯಿತು. ಈಗ ಆಸೆ ತೋರಿಸಬಹುದು ಎಂದುಕೊಂಡು ಅವನು ಬೆಳಗಿನಿಂದ ಅದುಮಿಟ್ಟಿದ್ದ ನಗೆಯನ್ನು ಬಿಟ್ಟ, ಲಲ್ಲಾ ತಾಮ್‌ಳ ಮುಂದೆ ಕೈ ಚಾಚಿ, ಬಾಗಿಲ ಬೀಗದ ಕೈ ಎಂದ.

"ಯಾವ ಬಾಗಿಲು?" ಎಂದಳು ಅವಳು.

ಲಾರಾಶ್‌ನಲ್ಲಿ ಅವಳ ಮಗಳಿಗೆ ದಿನ ತುಂಬಿತ್ತು. ಐದು ಗಂಟೆಯ ಬಸ್ಸಿಗೆ ಹೊರಟಿದ್ದಳು, ಬರುವುದು ಚಳಿಗಾಲ ಕಳೆದ ಮೇಲೆ. ಮನೆ ಬೀಗ ಹಾಕಿಯಾಗಿತ್ತು. ಮೆಟ್ಟಿಲಿರುವುದು ತನ್ನ ಮಲಗುವ ಕೋಣೆಯಲ್ಲಿ, ನೋಡಲು ಬಂದ ಅತಿಥಿಗಳನ್ನು ಒಮ್ಮೆ ಹತ್ತಿಸಿದೆ, ಅಲ್ಲಿ ದಿನವೂ ಪರಗಂಡಸು ಓಡಾಡುವುದಕ್ಕೆ ಅದೇನು ಸಂತೆಯೇ ಎಂದು ಕೇಳಿದಳು. ಅವಳು ಮಾರಿದ್ದು ಹವಾ, ಮೆಟ್ಟಿಲಲ್ಲ.

"ಮತ್ತೆ ನಾನು ಮೇಲೆ ಹೋಗೋದು ಎಲ್ಲಿಂದ?"

"ಎಲ್ಲರೂ ಬರ್ತಿದ್ದ ಕಡೆಯಿಂದ, ಕೆಳಗಿನ ಓಣಿಯ ಕಾರಂಜಿ ಹತ್ರ ಮೆಟ್ಟಿಲು ಹತ್ತಿ ಛಾವಣಿ ಮೇಲೇ ನಡ್ಕೊಂಡು ಬಂದ್ರೆ ಆ ಸಂದಿ. ಅದನ್ನ ನೀನೇ ಮುಚ್ಚಿಸಿದೆಯಲ್ಲ, ಮಗನೇ. ನಾನು ಇನ್ನೇನೋ ಯೋಚನೆ ಇರಬೇಕು ಅಂದ್ಕೊಂಡೆ. ನಿನ್ನ ಜೊತೆ ಅಷ್ಟು ತಿಳಿದವರು ಇದ್ರು."

ಇನ್ನೊಬ್ಬ ಅದೂಲ್ ಕೆಮ್ಮು ನಿಲ್ಲಿಸಿ, ಹವಾ ಕೊಳ್ಳುವವರು ಸಾಮಾನ್ಯವಾಗಿ ಮೊದಲು ದಾರಿ ಬರೆಸುತ್ತಾರೆ ಎಂದು ಗೋಡೆಗೆ ಹೇಳಿದ. ಒಪ್ಪಿಗೆಯಾದರೆ ಗೋಡೆ ಒಡೆಯಬಹುದಲ್ಲ ಎಂದು ಮಫದ್ದಲ್ ಅಂಗಲಾಚಿದ. ಅದಕ್ಕೆ ಮತ್ತೊಂದು ಪತ್ರವಾಗಬೇಕು, ಅದಕ್ಕೆ ಲಲ್ಲಾ ತಾಮ್ ಇರಬೇಕು, ಲಲ್ಲಾ ತಾಮ್ ಆಗಲೇ ಗಂಟು ಹೊತ್ತು ಬೀದಿಯ ತಿರುವಿನಲ್ಲಿದ್ದಳು. ಹಮ್ಮಾದಿಗೆ ಅಂಗಡಿಯ ನೆನಪಾಯಿತು. ಬೂಷ್ತಾ ಭಾವನ ಬೆನ್ನು ತಟ್ಟಿದ. "ಹೂಡಿಕೆ ಅಂದ್ರೆ ತಾಳ್ಮೆ ಬೇಕು. ಹವಾ ಎಲ್ಲಿಗೂ ಓಡಿಹೋಗಲ್ಲ."

ಅರ್ಧ ಗಡ್ಡದ ಮಫದ್ದಲ್ ಬಹಳ ಹೊತ್ತು ಸುಮ್ಮನೆ ಅಲೆದ. ಮೇಲಿನ ಓಣಿಯಲ್ಲಿ ನಿಂತು ಕತ್ತು ಎತ್ತಿದರೆ ಅವನ ಹವಾ ಕಾಣುತ್ತಿತ್ತು. ಅದರಲ್ಲಿ ಒಂದು ಕಡಲಹಕ್ಕಿ ಬಾಡಿಗೆ ಕೊಡದೆ ಸುತ್ತುತ್ತಿತ್ತು.

ಮನೆಗೆ ಬಂದಾಗ ದೀಪದ ಹೊತ್ತು. ಶಾಮಾ ಒಲೆ ಹಚ್ಚಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ, ಮಡಿಲಲ್ಲಿ ಒದ್ದೆ ಬಟ್ಟೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅತ್ತಿದ್ದಳು. ಇಷ್ಟು ವರ್ಷದಲ್ಲಿ ಅವನು ಅವಳನ್ನು ಹಾಗೆ ಕಂಡಿರಲಿಲ್ಲ. ಎಲ್ಲ ಹೇಳಿಬಿಡಬೇಕೆಂದು ಅಂಗಿಯೊಳಗಿನ ಪತ್ರಕ್ಕೆ ಕೈ ಹಾಕಿದ.

"ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ," ಎಂದಳು ಅವಳು ತಿರುಗದೆಯೇ. "ನಾನು ಸಮುದ್ರ ನೋಡ್ತಿದ್ದೆ. ಬಂದ ಮೊದಲನೇ ವರ್ಷದಿಂದ, ದಿನಾ. ಮೇಲೆ ಹತ್ತಿ ಛಾವಣಿಯಿಂದ ಛಾವಣಿ ದಾಟಿದ್ರೆ ಒಬ್ಬ ಅಜ್ಜಿ ಮನೆ ಇದೆ. ಅಲ್ಲಿ ಚಾಪೆ ಹಾಕ್ಕೊಂಡು ಕೂರ್ತಿದ್ದೆ."

ಅವನ ಕೈ ಅಂಗಿಯೊಳಗೇ ನಿಂತಿತು. ಯಾಕೆ ಹೇಳಲಿಲ್ಲ ಎಂದು ಹೇಗೋ ಕೇಳಿದ.

"ನೀವು ಅಷ್ಟು ಆಸೆಯಿಂದ ಮಾತು ಕೊಟ್ಟಿದ್ರಿ. ನಾನಾಗಲೇ ನೋಡ್ತಿದ್ದೀನಿ ಅಂದ್ರೆ ನಿಮಗೇನು ಉಳೀತಿತ್ತು? ಕೂತಾಗೆಲ್ಲ ಪಕ್ಕದಲ್ಲಿ ನಿಮಗೊಂದು ಜಾಗ ಬಿಟ್ಟೇ ಕೂರ್ತಿದ್ದೆ." ಅವಳು ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು. "ಇವತ್ತು ಹೋದ್ರೆ ಗೋಡೆ. ಸಿಮೆಂಟು ಇನ್ನೂ ಹಸಿ. ಯಾವನೋ ಜಾಗ ಕೊಂಡು ಕಟ್ಟಿಸಿದ್ದಾನಂತೆ, ಚಾಪೆಯನ್ನೂ ಒಳಗೇ ಬಿಟ್ಟು."

ಮಫದ್ದಲ್ ಪತ್ರದಿಂದ ಕೈ ತೆಗೆದ.

ಶಾಮಾ ಎದ್ದು ನಿಂತು ಎರಡೂ ಅಂಗೈ ಮೇಲಕ್ಕೆತ್ತಿದಳು. "ಆ ಗೋಡೆ ಕಟ್ಟಿಸಿದವನು ಏನು ಕೊಂಡರೂ ಅದು ಅವನ ಕೈಗೆ ಸಿಗದೇ ಹೋಗಲಿ," ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. "ಸುಮ್ಮನೆ ನಿಂತಿದ್ದೀರಲ್ಲ. ಆಮೀನ್ ಅನ್ನಿ."

ಸೀದಿ ಮಫದ್ದಲ್ ಅಂಗೈ ಎತ್ತಿದ.

"ಆಮೀನ್," ಎಂದ.