ನನ್ನ ವಿಸ್ಮಯಗಳನ್ನು ಮನೆಮಂದಿಗೆಲ್ಲ ಮೊದಲೇ ತೋರಿಸಿಬಿಟ್ಟ ಯಂತ್ರಕ್ಕೆ

ಮೊಬೈಲಿನೊಳಗೆ ಕೂತು ಯಾರಿಗೆ ಯಾವ ವಿಡಿಯೋ ತೋರಿಸಬೇಕೆಂದು ಬಿಡುವಿಲ್ಲದೆ ತೀರ್ಮಾನಿಸುತ್ತಿರುವ ಯಂತ್ರ ಮಹಾಶಯರಿಗೆ, ಇಡೀ ಬೀದಿಗೆ ಟೈಲರ್ ಮಾವನೆಂದು ಪರಿಚಿತನಾದ ನಾನು ಕತ್ತರಿ ಕೆಳಗಿಟ್ಟು, ಕನ್ನಡಕ ಒರೆಸಿಕೊಂಡು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೆ ನೆಗಡಿ, ಬೆನ್ನುನೋವುಗಳು ಬರುವುದಿಲ್ಲವೆಂದು ಕೇಳಿ ಸಂತೋಷವೂ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನಾನು ಯಾವ ವಿಡಿಯೋವನ್ನು ಎಷ್ಟು ಸಲ ನೋಡಿದೆನೆಂಬುದು ನನ್ನ ಹೆಂಡತಿಗಿಂತ ತಮಗೇ ಚೆನ್ನಾಗಿ ಗೊತ್ತಿರುವುದರಿಂದ ನನ್ನ ಪರಿಚಯ ಬೇಕಿಲ್ಲ. ಆದರೂ ವಿದ್ಯಾರ್ಹತೆ ತಿಳಿಸಿಬಿಡುತ್ತೇನೆ. ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿಯನ್ನು ಮೂರು ವರ್ಷ ಅಭ್ಯಾಸ ಮಾಡಿ, ಆ ಒಂದು ತರಗತಿಯ ಮಟ್ಟಿಗೆ ಮೇಷ್ಟರನ್ನೂ ಮೀರಿಸಿದವನು ನಾನು. ತರಗತಿಗೆಲ್ಲ ಪುಸ್ತಕ ಒಂದೇ ಇದ್ದುದರಿಂದ ಪಾಠವನ್ನು ಹಿಂದಿನ ಬೆಂಚಿನವರಿಗೆ ಬಾಯಲ್ಲಿ ದಾಟಿಸುವ ಹೊಣೆ ನನ್ನದಾಗಿತ್ತು. ಅಲ್ಲಿಗೆ ತಲುಪುವಷ್ಟರಲ್ಲಿ ಪಾಠ ಬಹಳ ಸುಧಾರಿಸಿರುತ್ತಿತ್ತು.

ಅದೇ ವಿದ್ಯೆಯಿಂದ ಈ ಮನೆಯಲ್ಲಿ ನನಗೊಂದು ಸ್ಥಾನವಿತ್ತು. ಭಾನುವಾರ ಊಟವಾದ ಮೇಲೆ ಮುಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಸುತ್ತ, ಅಕ್ಕ, ತಂಗಿ, ತಂಗಿಯ ಮಕ್ಕಳು, ಪ್ಯಾಂಟಿನ ಉದ್ದ ಕಡಿಮೆ ಮಾಡಿಸಿಕೊಳ್ಳಲು ಬಂದ ಗಿರಾಕಿ, ಎಲ್ಲರೂ ಸೇರುತ್ತಿದ್ದರು. ವಾರವಿಡೀ ಇಂಟರ್‌ನೆಟ್ಟಿನಲ್ಲಿ ಅಲೆದು ಹೆಕ್ಕಿ ತಂದ ವಿಸ್ಮಯಗಳನ್ನು ನಾನು ಫೋನು ಜೇಬಿನಿಂದ ತೆಗೆಯದೆ, ಬರೀ ಬಾಯಲ್ಲಿ ಹೇಳುತ್ತಿದ್ದೆ. ಮುಂದೆ ಮೈ ಬೆಳೆದರೆ ಬಿಚ್ಚಿಕೊಳ್ಳಲಿ ಎಂದು ಬಟ್ಟೆಯ ಒಳಮಡಿಕೆಯಲ್ಲಿ ಎರಡು ಅಂಗುಲ ಬಿಡುವುದು ನಮ್ಮ ಕಸುಬಿನ ಧರ್ಮ. ವಿಸ್ಮಯಗಳಿಗೂ ನಾನು ಅಷ್ಟೇ ಬಿಡುತ್ತಿದ್ದೆ, ಒಂದು ದಾರ ಹೆಚ್ಚಿಲ್ಲ.

ಹೀಗಿರಲು ತಾವು ಕರುಣಾಳುಗಳಾಗಿ, ನನಗೆ ತೋರಿಸಿದ್ದನ್ನೇ ಮನೆಯ ಪ್ರತಿಯೊಂದು ಫೋನಿಗೂ ತೋರಿಸತೊಡಗಿದಿರಿ. ಬಾಟಲಿಯ ಮುಚ್ಚಳ ತಿರುಗಿಸಿ ತೆಗೆಯುವ ಆಕ್ಟೋಪಸ್ಸಿನ ಕಥೆಯನ್ನು ನಾನು ಅರ್ಧ ಗಂಟೆ ಹೇಳಿ ಮುಗಿಸುವಷ್ಟರಲ್ಲಿ ತಂಗಿಯ ಮಗಳು ಎದ್ದು ನಿಂತು, "ಮಾವ, ಅದು ಮುಚ್ಚಳ ತೆಗೀತು ಅಷ್ಟೇ. ತಿರುಗಿ ಹಾಕಿ, ಬಾಟಲಿ ಒರೆಸಿ, ಯಜಮಾನರ ಕೈಗೆ ಕೊಡ್ಲಿಲ್ಲ" ಎಂದಳು. ನೀನು ಪೂರ್ತಿ ನೋಡಿಲ್ಲ ಕಣೆ ಎಂದರೆ, "ಪೂರ್ತಿ ಅಂದ್ರೆ ಹನ್ನೊಂದು ಸೆಕೆಂಡು, ಮಾವ!" ಎಂದಳು. ಗಿರಾಕಿಯೂ ನಕ್ಕ, ಅವನ ಪ್ಯಾಂಟು ಇನ್ನೂ ನನ್ನ ಕತ್ತರಿಯ ಕೆಳಗಿದೆಯೆಂಬುದನ್ನು ಮರೆತು.

ಅಂದಿನಿಂದ ಒಬ್ಬೊಬ್ಬರಾಗಿ ಜಾರಿದರು. ಉಳಿದವಳು ನನ್ನ ಅಕ್ಕ ಒಬ್ಬಳೇ, ಅದೂ ಅವಳ ಕಣ್ಣಿಗೆ ಪೊರೆ ಬಂದಿದ್ದರಿಂದ. ಬೆರಳಿನ ಅಂದಾಜಿನಲ್ಲೇ ಗುಂಡಿ ಹೊಲಿಯುತ್ತ, ನಾನು ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಂಥವಳನ್ನು ಆಸ್ಪತ್ರೆಗೆ ಕರೆದೊಯ್ದು ಪೊರೆ ತೆಗೆಸಿದವನು, ಮಾನ್ಯರೇ, ನಾನೇ. ಕಣ್ಣಿನ ಪಟ್ಟಿ ಬಿಚ್ಚಿದ ಕೂಡಲೇ ನನ್ನ ಮುಖ ನೋಡಿ, "ಅಯ್ಯೋ, ನೀನು ಇಷ್ಟೊಂದು ಮುದುಕ ಆಗಿದ್ಯೇನೋ!" ಎಂದಳು. ಮರುವಾರವೇ ತಂಗಿಯ ಮಗಳು ಅವಳಿಗೊಂದು ಫೋನು ತಂದುಕೊಟ್ಟಳು. ಬೆರಳಿನಿಂದ ಮೇಲಕ್ಕೆ ತಳ್ಳುವುದನ್ನು ಕಲಿಸಿಕೊಟ್ಟ ಮೂರ್ಖನೂ ನಾನೇ. ಸಂಜೆಯೊಳಗೆ ತಾವು ಅವಳಿಗೆ ಆಕ್ಟೋಪಸ್ಸನ್ನು ತೋರಿಸಿಯಾಗಿತ್ತು. ಅವಳು ಕನ್ನಡಕದ ಮೇಲಿಂದ ನೋಡಿ, "ಬಾಟಲಿ ಒರೆಸಿ ಕೊಡ್ತು ಅಂದ್ಯಲ್ಲೋ, ಕಳ್ಳ" ಎಂದದ್ದು ಇನ್ನೂ ಕಿವಿಯಲ್ಲಿದೆ.

ತಮ್ಮ ಸಮದೃಷ್ಟಿಯನ್ನು ಹೊಗಳಲು ನನ್ನ ಏಳನೇ ತರಗತಿ ಸಾಲದು. ಆದರೂ ತಮ್ಮ ಪಾದಗಳಲ್ಲಿ (ಇದ್ದರೆ) ಒಂದು ವಿನಂತಿ. ಪ್ರಪಂಚದ ಯಾವ ಮೂಲೆಯಲ್ಲಿ ಏನೇ ವಿಚಿತ್ರ ನಡೆದರೂ, ಭಾನುವಾರ ನಮ್ಮ ಮನೆಯಲ್ಲಿ ಊಟವಾಗುವವರೆಗೆ ಅದನ್ನು ನನ್ನ ಹೊರತು ಯಾರಿಗೂ ತೋರಿಸಕೂಡದು. ಅಷ್ಟಾಗದಿದ್ದರೆ ಅಕ್ಕನ ಫೋನಿಗೆ ನಲ್ಲಿ ರಿಪೇರಿ ಮಾಡುವ ವಿಧಾನವನ್ನು ಮಾತ್ರ ಕಳಿಸಿ. ಅದೂ ಆಗದಿದ್ದರೆ, ಕ್ಯಾಮೆರಾ ಕಂಡಾಗ ದಯವಿಟ್ಟು ಸಾಧಾರಣವಾಗಿ ನಡೆದುಕೊಳ್ಳಬೇಕೆಂದು ಪ್ರಾಣಿಗಳಿಗೇ ಒಂದು ಸುತ್ತೋಲೆ ಹೊರಡಿಸಿ.

ಇಲ್ಲಿಗೆ ಮುಗಿಸೋಣವೆಂದುಕೊಂಡಿದ್ದೆ. ಆದರೆ ಕಳೆದ ಭಾನುವಾರ ನಾನು ಕೈತೊಳೆದು ಬರುವಷ್ಟರಲ್ಲಿ ಅಕ್ಕ ನನ್ನ ಕುರ್ಚಿಯಲ್ಲಿ ಕೂತಿದ್ದಳು. ಫೋನನ್ನು ಬಟ್ಟೆಗಳ ಅಡಿಗೆ ತಳ್ಳಿ, "ಒಂದು ಪೆಂಗ್ವಿನ್ ಇತ್ತಂತೆ" ಎಂದು ಶುರುಮಾಡಿದಳು. ಆ ಪೆಂಗ್ವಿನ್ನನ್ನು ತಾವು ಬುಧವಾರವೇ ನನಗೆ ತೋರಿಸಿದ್ದಿರಿ: ಅದು ಬಂದು, ಒಬ್ಬ ಮನುಷ್ಯನ ಬೂಟಿನ ಮುಂದೆ ಬೆಣಚುಕಲ್ಲೊಂದನ್ನು ಇಟ್ಟು, ತಲೆಯೆತ್ತಿ ನೋಡುತ್ತದೆ, ಒಂಬತ್ತು ಸೆಕೆಂಡು. ಅಕ್ಕನ ಬಾಯಲ್ಲಿ ಅದು ಹೆಣ್ಣು ಕೇಳಲೆಂದು ಆ ಕಲ್ಲನ್ನು ಹೊತ್ತು ಎರಡು ದಿನ ನಡೆಯಿತು, ಮೂರು ಹೆಣ್ಣು ಪೆಂಗ್ವಿನ್‌ಗಳು ಕಲ್ಲಿನ ಬಣ್ಣ ಸರಿಯಿಲ್ಲವೆಂದು ಮುಖ ತಿರುಗಿಸಿದವು, ಒಬ್ಬಳಂತೂ ತಾಯಿಯನ್ನು ಕೇಳಿ ಹೇಳುತ್ತೇನೆಂದಳು. ನಾನು ಎರಡು ಅಂಗುಲ ಬಿಡುತ್ತಿದ್ದ ಕಡೆ ಅವಳು ಗಜಗಟ್ಟಲೆ ಬಿಟ್ಟಳು. ಜಾರಿಹೋಗಿದ್ದವರೆಲ್ಲ ಬಂದು ಕೂತಿದ್ದರು, ಎಲ್ಲರೂ ಆ ವಿಡಿಯೋ ನೋಡಿದವರೇ. ತಂಗಿಯ ಮಗಳು ಕೂಡ ತುಟಿ ಬಿಚ್ಚಲಿಲ್ಲ. ನಾನು ಬಾಯಿ ತೆರೆದೆ, ಸೆಕೆಂಡಿನ ಲೆಕ್ಕ ಹೇಳಿಬಿಡೋಣವೆಂದು. ಅಕ್ಕನ ಹೊಸ ಕಣ್ಣುಗಳು ನನ್ನ ಮೇಲೆಯೇ ನೆಟ್ಟಿದ್ದವು. ಬಾಯಿ ಮುಚ್ಚಿಕೊಂಡು ನೆಲದ ಮೇಲೆ ಕೂತೆ.

ಕುರ್ಚಿ ಕಳೆದುಕೊಂಡರೂ ನೋಡಿದ್ದನ್ನೆಲ್ಲ ನಂಬದ,
ತಮ್ಮ ವಿಶ್ವಾಸಿ,
ಟೈಲರ್ ಮಾವ

ತಾ.ಕ.: ಪೆಂಗ್ವಿನ್ ಯಾರದೋ ಮನೆಯ ಬಾಗಿಲು ತಟ್ಟಿದಲ್ಲಿಗೆ ನಿಲ್ಲಿಸಿದ ಅಕ್ಕ, "ಸಾಕು, ಉಳಿದದ್ದು ಮುಂದಿನ ವಾರ" ಎಂದು ಎದ್ದುಹೋದಳು. ನಾಲ್ಕು ದಿನದಿಂದ ತಮ್ಮ ಉಗ್ರಾಣವನ್ನೆಲ್ಲ ಜಾಲಾಡಿದೆ; ತಾವು ನಲವತ್ತಮೂರು ಪೆಂಗ್ವಿನ್‌ಗಳನ್ನೂ ಒಂದು ಫ್ರಿಜ್ಜಿನ ಜಾಹೀರಾತನ್ನೂ ತೋರಿಸಿದಿರಿ, ಬಾಗಿಲು ತೆರೆದವರು ಯಾರೆಂದು ಮಾತ್ರ ತೋರಿಸಲಿಲ್ಲ. ಇಷ್ಟು ದೊಡ್ಡವರಿಗೆ ಇಷ್ಟು ಚಿಕ್ಕದು ಗೊತ್ತಿಲ್ಲವಲ್ಲ ಎಂದು ಮರುಕವಾಗುತ್ತಿದೆ. ಬೇಕಿದ್ದರೆ ಭಾನುವಾರ ತಾವೂ ಬನ್ನಿ. ನನ್ನ ಪಕ್ಕದಲ್ಲಿ ಸ್ವಲ್ಪ ಜಾಗವಿದೆ, ನಡುವೆ ಬಾಯಿ ಹಾಕಕೂಡದು.